ಪುನರ್ವಸು ಮಳೆಯ ಊಟ

ಮೂಡಿಗೆರೆಗೆ ಬರುವ ಪ್ರವಾಸಿಗರಲ್ಲಿ ಈಚೆಗೆ ಮಳೆ ನೋಡಲೆಂದೇ ಬರುವವರು ಹೆಚ್ಚು. ಚಾರ್ಮಾಡಿ ಘಾಟಿಯ ಮಂಜು, ದೇವರಮನೆ ಗುಡ್ಡ, ಕಳಸದ ದಾರಿಯ ಝರಿಗಳು ಎಲ್ಲವನ್ನೂ ನೋಡಿ, ನೆನೆದು, ಹಸಿದು ಊಟಕ್ಕೆ ಕುಳಿತರೆ ಅವರೆದುರು ಬಂದು ಕೂರುವುದು ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲ ಮತ್ತು ಜೀರಾ ರೈಸ್. ಇವುಗಳ ಮೇಲೆ ನನಗೆ ದ್ವೇಷವೇನೂ ಇಲ್ಲ. ಆದರೆ ಜನವರಿಯಲ್ಲೂ ಜುಲೈಯಲ್ಲೂ ಅದೇ ಪಟ್ಟಿ. ಕಿಟಕಿಯಾಚೆ ಸುರಿಯುವ ಮಳೆಗೂ ತಟ್ಟೆಯಲ್ಲಿರುವ ಪದಾರ್ಥಕ್ಕೂ ಯಾವ ನಂಟೂ ಇಲ್ಲ.

ಹೋಮ್‌ಸ್ಟೇಗಳ ಸ್ಥಿತಿಯೂ ಅನೇಕ ಕಡೆ ಇದೇ. ಒಳಗೆ ಅಡುಗೆಮನೆಯಲ್ಲಿ ತಾವು ಕಳಲೆ ಪಲ್ಯ, ಅಕ್ಕಿರೊಟ್ಟಿ ತಿನ್ನುತ್ತ, ಹೊರಗೆ ಅತಿಥಿಗಳಿಗೆ ಪನೀರ್ ಬಡಿಸುವವರನ್ನು ನಾನು ಬಲ್ಲೆ. ಯಾಕೆಂದು ಒಬ್ಬರನ್ನು ಕೇಳಿದೆ. "ಬೇಲಿ ಸೊಪ್ಪನ್ನೆಲ್ಲ ಬೆಂಗಳೂರಿನೋರಿಗೆ ಹೆಂಗೆ ಬಡ್ಸೋದು ಮೇಷ್ಟ್ರೇ, ನಾಚ್ಕೆ ಆಗುತ್ತೆ" ಎಂದರು.

ಈ ನಾಚಿಕೆಯನ್ನು ಬಿಟ್ಟವನು ನನ್ನ ಒಬ್ಬ ಹಳೆಯ ವಿದ್ಯಾರ್ಥಿ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಎಲ್ಲೆಲ್ಲೋ ತಿರುಗಿ, ಕೊನೆಗೆ ಮೂರು ವರ್ಷ ಡೆನ್ಮಾರ್ಕ್ ದೇಶದ ಒಂದು ಪುಟ್ಟ ಊಟದ ಮನೆಯಲ್ಲಿ ಕೆಲಸ ಮಾಡಿ ಬಂದವನು. ಈಗ ತೋಟದ ನಡುವಿನ ತನ್ನ ಅಜ್ಜಿಯ ಮನೆಯ ಜಗಲಿಯಲ್ಲಿ ಒಂದೇ ಒಂದು ಉದ್ದನೆಯ ಮೇಜು ಹಾಕಿದ್ದಾನೆ. ಎಂಟು ಜನರಿಗೆ ಮಾತ್ರ ಜಾಗ. ಮೊದಲೇ ಹೇಳಿ ಹೋಗಬೇಕು. ಬೋರ್ಡಿಲ್ಲ, ತಿಂಡಿಗಳ ಪಟ್ಟಿಯೂ ಇಲ್ಲ. ಅಡುಗೆ ಅವನ ತಾಯಿಯದು, ಬಡಿಸುವುದು ಅವನು.

"ಅಲ್ಲೂ ಹಿಂಗೇ ಸಾರ್. ಹತ್ತು ಹನ್ನೆರಡು ಜನ ಕೂರೋ ಜಾಗ. ಆ ವಾರ ತೋಟದಲ್ಲಿ, ಕಾಡಲ್ಲಿ, ಸಮುದ್ರದಲ್ಲಿ ಏನು ಸಿಕ್ತೋ ಅದೇ ಊಟ. ಬೇರೆ ಏನಾದ್ರೂ ಕೊಡಿ ಅಂತ ಯಾರೂ ಕೇಳಲ್ಲ" ಎಂದು ಅವನು ಹೇಳಿದಾಗ ನನಗೆ ಡೆನ್ಮಾರ್ಕಿನ ವಿಷಯದಲ್ಲಿ ಕುತೂಹಲ ಹುಟ್ಟಿತು.

ಅಲ್ಲಿಯೂ ಒಂದು ಕಾಲಕ್ಕೆ ಇಂಥದೇ ನಾಚಿಕೆ ಇತ್ತಂತೆ. ದೊಡ್ಡ ಊಟವೆಂದರೆ ಫ್ರೆಂಚರದು; ತಮ್ಮ ಉಪ್ಪು ಹಾಕಿದ ಹೆರಿಂಗ್ ಮೀನು, ರೈ ಧಾನ್ಯದ ಕಪ್ಪು ಬ್ರೆಡ್ಡು, ಕೋಸು, ಆಲೂಗಡ್ಡೆ ಇವೆಲ್ಲ ಮನೆಯೊಳಗಿನ ಮಾತು. 2003ರಲ್ಲಿ ರೆನೆ ರೆಡ್ಜೆಪಿ ಮತ್ತು ಕ್ಲೌಸ್ ಮೇಯರ್ ಎಂಬವರು ಕೋಪನ್‌ಹೇಗನ್ ನಗರದಲ್ಲಿ 'ನೋಮಾ' ಎಂಬ ಊಟದ ಮನೆ ತೆರೆದರು. ಅವರ ಭಾಷೆಯಲ್ಲಿ 'ಉತ್ತರದ ನಾಡಿನ ಊಟ' ಎಂಬ ಎರಡು ಪದಗಳನ್ನು ಕತ್ತರಿಸಿ ಸೇರಿಸಿದ ಹೆಸರದು. ಮರುವರ್ಷ, 2004ರಲ್ಲಿ, ಆ ಭಾಗದ ಹನ್ನೆರಡು ಜನ ಬಾಣಸಿಗರು ಸೇರಿ ಹತ್ತು ಅಂಶಗಳ ಒಂದು ಪ್ರಣಾಳಿಕೆಗೆ ಸಹಿ ಹಾಕಿದರು. ಊಟದಲ್ಲಿ ಋತುಮಾನ ಕಾಣಬೇಕು, ತಮ್ಮ ನೆಲ, ತಮ್ಮ ನೀರು, ತಮ್ಮ ಹವೆಯಲ್ಲಿ ಚೆನ್ನಾಗಿ ಬರುವ ಪದಾರ್ಥವನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು ಎಂಬುದು ಅದರ ಸಾರ. 2010ರಲ್ಲಿ ನೋಮಾ ಜಗತ್ತಿನ ಅತ್ಯುತ್ತಮ ಊಟದ ಮನೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. 2018ರಿಂದ ವರ್ಷವನ್ನೇ ಮೂರು ಭಾಗ ಮಾಡಿ ಒಂದು ಕಾಲಕ್ಕೆ ಸಮುದ್ರದ್ದು, ಒಂದು ಕಾಲಕ್ಕೆ ತರಕಾರಿ, ಮತ್ತೊಂದಕ್ಕೆ ಕಾಡಿನದು ಎಂದು ಬಡಿಸಿದರು.

ಇದರಲ್ಲಿ ನನಗೆ ತಮಾಷೆ ಎನಿಸಿದ್ದು ಇರುವೆಯ ಪ್ರಸಂಗ. 2012ರಲ್ಲಿ ನೋಮಾದವರು ಲಂಡನ್ನಿನ ಒಂದು ದೊಡ್ಡ ಹೋಟೆಲಿನಲ್ಲಿ ಕೆಲವು ದಿನ ಊಟ ಹಾಕಿದಾಗ ಎಲೆಕೋಸಿನ ಮೇಲೆ ಜೀವಂತ ಇರುವೆ ಇಟ್ಟು ಕೊಟ್ಟರೆಂದು ಪತ್ರಿಕೆಗಳೆಲ್ಲ ಬರೆದವು. ನಮ್ಮಲ್ಲಿ ಕಾಫಿ ಹಣ್ಣು ಕೊಯ್ಯುವವರನ್ನು ಕಚ್ಚಿ ಗೋಳಾಡಿಸುವ ಕೆಂಪು ಚಗಳಿಯನ್ನು ಹುರಿದು ಅರೆದು ಚಟ್ನಿ ಮಾಡುವುದನ್ನು ಯಾವ ಪತ್ರಿಕೆಯೂ ಆಗ ಕೇಳಿರಲಿಲ್ಲ. ಅಲ್ಲಿಯೂ ಇಲ್ಲಿಯೂ ಹುಳಿಗೆ ಕಾರಣ ಒಂದೇ, ಇರುವೆಯ ದೇಹದ ಫಾರ್ಮಿಕ್ ಆಮ್ಲ. ಒಡಿಶಾದ ಮಯೂರ್‌ಭಂಜ್‌ನವರು ಇದೇ ಜಾತಿಯ ಇರುವೆಯಿಂದ ಮಾಡುವ ಚಟ್ನಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದುಕೊಂಡರು. ನಾವು ಇನ್ನೂ ಬಾಗಿಲು ಹಾಕಿಕೊಂಡು ತಿನ್ನುತ್ತಿದ್ದೇವೆ.

ನಾನು ಶಿಷ್ಯನ ಮೇಜಿಗೆ ಹೋದದ್ದು ಪುನರ್ವಸು ಮಳೆಯಲ್ಲಿ. ಮಲೆನಾಡಿನಲ್ಲಿ ಮಳೆಗಾಲವನ್ನು ತಿಂಗಳಿನಿಂದ ಎಣಿಸುವುದಿಲ್ಲ, ನಕ್ಷತ್ರದಿಂದ ಎಣಿಸುತ್ತಾರೆ. ಸುಮಾರು ಎರಡು ವಾರಕ್ಕೆ ಒಂದು ಮಳೆ: ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ಒಂದೊಂದು ಮಳೆಗೆ ಒಂದೊಂದು ತಿನಿಸು. ಡೆನ್ಮಾರ್ಕಿನವರ ಮೂರು ಕಾಲ ನಮಗೆ ಸಾಲದು.

ಬಾಳೆ ಎಲೆಯ ಮೇಲೆ ಮೊದಲು ಬಂದದ್ದು ಮರಗೆಸುವಿನ ಪತ್ರೊಡೆ. ಮಳೆ ಹಿಡಿದ ಮೇಲೆ ಮರಗಳ ಪಾಚಿಯ ಮೇಲೆ ಚಿಗುರುವ ಈ ಕೆಸುವಿನ ಎಲೆ ಮಳೆ ಮುಗಿದ ಮೇಲೆ ಹುಡುಕಿದರೂ ಸಿಗದು. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಗಂಟಲು ಕೆರೆಯುವುದು ಅದರಿಂದಲೇ. ಹುಣಸೆಯನ್ನೋ ವಾಟೆ ಹುಳಿಯನ್ನೋ ಧಾರಾಳವಾಗಿ ಹಾಕಿ, ಹಬೆಯಲ್ಲಿ ಚೆನ್ನಾಗಿ ಬೇಯಿಸಿದರೆ ತುರಿಕೆ ಅಡಗುತ್ತದೆ. ಆಮೇಲೆ ತಗಚೆ ಸೊಪ್ಪಿನ ಪಲ್ಯ, ಹಲಸಿನ ಬೀಜದ ಸಾರು, ಕೆಂಡದ ಮೇಲೆ ಉಬ್ಬಿದ ಅಕ್ಕಿರೊಟ್ಟಿ, ಜೊತೆಗೆ ಕಳಲೆ.

ಕಳಲೆ ಬಂದಾಗ ಶಿಷ್ಯ, "ಇದರ ಬಗ್ಗೆ ನೀವೇ ಹೇಳಿ ಸಾರ್" ಎಂದ. ನಾನು ಮೇಜಿನವರಿಗೆ ತರಗತಿಯ ಧಾಟಿಯಲ್ಲೇ ಹೇಳಿದೆ. ಎಳೆ ಬಿದಿರಿನಲ್ಲಿ ಟ್ಯಾಕ್ಸಿಫಿಲಿನ್ ಎಂಬ ವಸ್ತು ಇದೆ. ಹೆಚ್ಚಿದೊಡನೆ ಅದು ಒಡೆದು ಹೈಡ್ರೋಜನ್ ಸಯನೈಡ್ ಹುಟ್ಟುತ್ತದೆ. ನಮ್ಮ ಹೆಂಗಸರು ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಚೆಲ್ಲಿ, ನಾಲ್ಕನೆಯ ದಿನ ಬೇಯಿಸುತ್ತಾರೆ. ಸಯನೈಡಿನ ಕುದಿಬಿಂದು ಸುಮಾರು 26 ಡಿಗ್ರಿ ಮಾತ್ರ. ನೀರಿನಲ್ಲಿ ಹೋಗದೆ ಉಳಿದದ್ದು ಪಾತ್ರೆ ಬಿಸಿಯಾಗುವಾಗಲೇ ಹಾರಿಹೋಗುತ್ತದೆ. ರಸಾಯನಶಾಸ್ತ್ರ ಓದದೆ ಈ ಕ್ರಮ ಕಂಡುಹಿಡಿದವರಿಗೆ ನಮಸ್ಕಾರ ಹೇಳಬೇಕು.

ಎದುರಿಗಿದ್ದ ಬೆಂಗಳೂರಿನ ಮಹನೀಯರು ಸಯನೈಡ್ ಎಂಬ ಶಬ್ದ ಕೇಳಿದೊಡನೆ ಕೈ ಹಿಂದಕ್ಕೆ ತೆಗೆದುಕೊಂಡರು. ಶಿಷ್ಯನ ತಾಯಿ ಬಾಗಿಲಿನಿಂದಲೇ, "ಮೂರು ದಿನ ನಾನೇ ನೀರು ಬದಲಾಯ್ಸಿದೀನಪ್ಪ, ಹೆದರ್ಬೇಡಿ. ನಮ್ಮ ಮೇಷ್ಟ್ರು ಪಾಠ ಮಾಡ್ದೆ ಊಟ ಮಾಡಲ್ಲ" ಎಂದು, ಬಂದು ಒಂದು ಚೂರು ಬಾಯಿಗೆ ಹಾಕಿಕೊಂಡು ತೋರಿಸಿದರು. ಎಲ್ಲರೂ ನಕ್ಕರು. ಆ ಮಹನೀಯರು ಎರಡನೆಯ ಸಲ ಪಲ್ಯ ಹಾಕಿಸಿಕೊಂಡರು. ಕೊನೆಗೆ ಒತ್ತುಶ್ಯಾವಿಗೆ, ಕಾಯಿಹಾಲು.

ಊಟ ಚೆನ್ನಾಗಿತ್ತೆಂದು ಬರೆದು ನಿಲ್ಲಿಸಬಹುದಿತ್ತು. ಆದರೆ ಆ ದಿನ ನನ್ನನ್ನು ಕಾಡಿದ್ದು ಎಲೆಯ ಮೇಲೆ ಇಲ್ಲದ ಪದಾರ್ಥ. ಮಳೆಗಾಲದ ಊಟದಲ್ಲಿ ಏಡಿ ಸಾರು ಇರಲೇಬೇಕು. "ಏಡಿ ಎಲ್ಲಪ್ಪ?" ಎಂದೆ. "ಕೆಳಗಿನ ಗದ್ದೆ ಶುಂಠಿಗೆ ಕೊಟ್ರು ಸಾರ್. ಎರಡು ವರ್ಷದಿಂದ ಏಡಿ ಇಲ್ಲ" ಎಂದ. ಗದ್ದೆಯಲ್ಲಿ ನಿಂತ ನೀರಿಲ್ಲ. ಶುಂಠಿಗೆ ಹೊಡೆಯುವ ಔಷಧಿಯೆಲ್ಲ ಹಳ್ಳಕ್ಕೆ. ಹೊಸ ನೀರಿಗೆ ಹತ್ತಿ ಬರುತ್ತಿದ್ದ ಹತ್ತುಮೀನಿಗೂ ಅದೇ ಗತಿ.

ಸೊಪ್ಪು, ಕೆಸು ತಂದುಕೊಡುವವರು ಅದೇ ತೋಟದ ಲೈನಿನಲ್ಲಿರುವ ಅರವತ್ತು ದಾಟಿದ ಒಬ್ಬ ಅಮ್ಮ. ಹಿತ್ತಲ ಕಡೆ ಕೂತು ಕಾಫಿ ಕುಡಿಯುತ್ತಿದ್ದ ಅವರನ್ನು ಮಾತಾಡಿಸಿದೆ. "ಮೊದ್ಲು ಮನೆಯಿಂದ ಹೊರಟು ಹತ್ತು ಹೆಜ್ಜೆಗೆ ತಗಚೆ ಸಿಗ್ತಿತ್ತು ಮೇಷ್ಟ್ರೇ. ಈಗ ಕಳೆಗೆ ಮದ್ದು ಹೊಡೀತಾರಲ್ಲ, ಹೊಡೆದ ಜಾಗದ್ದು ನಾನು ಕೊಯ್ಯಲ್ಲ. ಇವತ್ತು ಹಳ್ಳದಾಚೆ ಹೋಗಿ ತಂದೆ" ಎಂದರು. ಯಾವ ಕೆಸು ತುರಿಸುತ್ತದೆ, ಯಾವುದು ಇಲ್ಲ ಎಂಬುದನ್ನು ಯಾರಿಗಾದರೂ ಕಲಿಸಿದ್ದೀರಾ ಎಂದೆ. ಸೊಸೆ ಹಾಸನದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳಂತೆ. "ಅವಳಿಗೆ ಯಾಕೆ ಇದೆಲ್ಲ? ನಾವು ತಿಂದದ್ದು ಅಕ್ಕಿ ಸಾಲದೆ" ಎಂದರು.

ಆ ಮಾತಿನಲ್ಲಿ ನಮ್ಮ ನಾಚಿಕೆಯ ಮೂಲವಿದೆ. ಆಷಾಢದಲ್ಲಿ ದಾರಿ ಕಟ್ಟಿ ಸಂತೆ ಇಲ್ಲದಾಗ, ಪಣತದ ಭತ್ತ ತಳ ಕಂಡಾಗ ಕಳಲೆ, ಕೆಸು, ಹಲಸಿನ ಬೀಜಗಳೇ ಹೊಟ್ಟೆ ತುಂಬಿಸಿದ್ದು. ಡೆನ್ಮಾರ್ಕಿನವರ ಉಪ್ಪುಮೀನು, ಹೊಗೆಮೀನುಗಳೂ ಹಿಮಗಾಲದ ಇಲ್ಲದಿಕೆಯಿಂದಲೇ ಹುಟ್ಟಿದವು. ಅವರಿಗೆ ಹಿಮ, ನಮಗೆ ಮಳೆ. ನಮ್ಮ ಉಪ್ಪುಸೊಳೆ, ಹಪ್ಪಳ, ಮಿಡಿ ಉಪ್ಪಿನಕಾಯಿ ಎಲ್ಲ ಅದೇ ಲೆಕ್ಕ. ಹಸಿವು ಕಲಿಸಿದ ವಿದ್ಯೆಯನ್ನು ಹಸಿವು ಹೋದ ಮೇಲೆ ಬಿಟ್ಟುಬಿಡುವುದು ಸಹಜ. ಹಸಿವು ಹೋದದ್ದಕ್ಕೆ ನನಗೂ ಸಂತೋಷವೇ. ಆದರೆ ವಿದ್ಯೆಯ ಜೊತೆಗೆ ಆ ಗದ್ದೆ, ಆ ಹಳ್ಳ, ಆ ಬೇಲಿಯಂಚೂ ಹೋದರೆ, ನಾಳೆ ಯಾರೋ ಪ್ರಣಾಳಿಕೆ ಬರೆದು ಸಹಿ ಹಾಕಿದರೂ ಏಡಿ ಹಿಂದಿರುಗುವುದಿಲ್ಲ. ಎಂಟು ಜನರ ಆ ಮೇಜು ಉಳಿಯುವುದು ಶಿಷ್ಯನ ಕೈಯಲ್ಲಿ ಎಷ್ಟಿದೆಯೋ ಪಕ್ಕದ ತೋಟದವರ ಸ್ಪ್ರೇಯರಿನಲ್ಲೂ ಅಷ್ಟೇ ಇದೆ.

ಮರುವಾರ ಒಂಬತ್ತನೆಯ ತರಗತಿಗೆ ಒಂದು ಮನೆಗೆಲಸ ಕೊಟ್ಟೆ. ಅಜ್ಜಿಯನ್ನು ಕೇಳಿ, ಯಾವ ಮಳೆಗೆ ಏನು ತಿನ್ನುತ್ತಿದ್ದರು, ಎಲ್ಲಿಂದ ತರುತ್ತಿದ್ದರು, ಈಗ ಅದು ಅಲ್ಲಿ ಸಿಗುತ್ತದೆಯೇ ಎಂದು ಮೂರು ಕಾಲಂ ಹಾಕಿ ಬರೆದುಕೊಂಡು ಬನ್ನಿ ಎಂದೆ. ಪದಾರ್ಥದ ಕಾಲಂ ತುಂಬಿ ತುಳುಕಿತ್ತು. ನನಗೇ ಗೊತ್ತಿಲ್ಲದ ಸೊಪ್ಪಿನ ಹೆಸರುಗಳಿದ್ದವು. ಎರಡನೆಯದೂ ತುಂಬಿತ್ತು. ಮೂರನೆಯ ಕಾಲಂನಲ್ಲಿ ಹೆಚ್ಚಿನವರು ಬರೆದದ್ದು 'ಇಲ್ಲ' ಎಂದು. ಒಬ್ಬ ಹುಡುಗಿ ಮಾತ್ರ ತಗಚೆಯ ಎದುರಿಗೆ 'ಸಿಗುತ್ತದೆ, ನಮ್ಮ ಶಾಲೆಯ ಹಿಂದೆ' ಎಂದು ಬರೆದಿದ್ದಳು. ಹೋಗಿ ನೋಡಿದೆವು. ನಿಜ, ಮೊಣಕಾಲೆತ್ತರ ಬೆಳೆದಿತ್ತು. ಅಲ್ಲಿಗೆ ಕಳೆನಾಶಕ ಹೊಡೆಯಬಾರದೆಂದು ಮಕ್ಕಳ ಕೈಲೇ ಒಂದು ಹಲಗೆ ಬರೆಸಿ ನೆಡಿಸಿದ್ದೇನೆ.