ಆರುನೂರು ಚದರಡಿಯಲ್ಲಿ ಅಜ್ಜ-ಅಜ್ಜಿಗೆ ಜಾಗ

ಮಕ್ಕಳೇ, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯ ಮಣ್ಣಿನ ಮಾಳಿಗೆ ಮನೆ ನೋಡಿದ್ದೀರಾ? ಅದರ ಅಳತೆ ಅಡಿಯಲ್ಲಲ್ಲ, ಅಂಕಣದಲ್ಲಿ. ಎರಡು ಕಂಬಸಾಲಿನ ನಡುವಿನ ಜಾಗವೇ ಒಂದು ಅಂಕಣ. ದಪ್ಪ ಗೋಡೆಯೊಳಗೇ ಗೂಡುಗಳು: ದೀಪಕ್ಕೊಂದು, ಪಾಟಿ-ಪುಸ್ತಕಕ್ಕೊಂದು. ಬೀರು ಯಾರಿಗೆ ಬೇಕು? ಅಕ್ಕಪಕ್ಕದ ಮನೆಗಳು ಅಂಟಿಕೊಂಡಿದ್ದರೂ ಮಾಳಿಗೆಯ ಗವಾಕ್ಷಿಯಿಂದ ಬೆಳಕು ನಡುಮನೆಗೆ ಇಳಿಯುತ್ತಿತ್ತು. ಜೋಳ ನೆಲದೊಳಗಿನ ಹಗೇವಿನಲ್ಲಿ.

ಅಂಥ ಮನೆ ಅಣ್ಣತಮ್ಮಂದಿರಲ್ಲಿ ಪಾಲಾಗಿ ಕೊಟ್ಟೂರಿನಲ್ಲಿ ನಮಗೆ ಬಂದದ್ದು 20×30 ಅಡಿ. ಮಗ ತಂದ ನಕ್ಷೆಯಲ್ಲಿ ಎರಡು ಕೋಣೆ, ಅಡುಗೆಮನೆ, ಮುಂದೆ ಕಾರಿಗೆ ಜಾಗ.

“ನಾನು, ನಿಮ್ಮವ್ವ ಎಲ್ಲಿ ಮಲಗೋದಪ್ಪಾ?” ಎಂದೆ. ಮಗ ತಲೆ ತಗ್ಗಿಸಿದ.

ಬ್ಯಾಂಕಿನಲ್ಲಿ ಲೆಕ್ಕ ಬರೆದ ಕೈ, ಕೂಡಿ ಕಳೆದೆ. ಇನ್ನೂ ಕೊಳ್ಳದ ಕಾರನ್ನು ಕಳೆದು ಪಡಸಾಲೆ ಕೂಡಿಸಿದೆ. ಅಲ್ಲೊಂದು ಅಗಲದ ದಿವಾನ, ಹಗಲು ಕೂರಲು, ರಾತ್ರಿ ನಮಗೆ. ಮೆಟ್ಟಿಲ ಕೆಳಗೆ ಜೋಳದ ಡಬ್ಬಿ, ಹಾಸಿಗೆ. ಮೆಟ್ಟಿಲ ಮೇಲೆ ಗಾಜು ಹಾಕಿಸಿದೆವು, ಅದೇ ನಮ್ಮ ಗವಾಕ್ಷಿ.

ಕೊಟ್ಟೂರೇಶ್ವರನ ತೇರಿಗೆ ಹಡಗಲಿಯಿಂದ, ಹಗರಿಬೊಮ್ಮನಹಳ್ಳಿಯಿಂದ ಬೀಗರು ಬಂದರು, ಹದಿನಾಲ್ಕು ಜನ! ಗಂಡಸರೆಲ್ಲ ಚಾಪೆ ಹಿಡಿದು ಮಾಳಿಗೆ ಹತ್ತಿದರು.

ಮೊಮ್ಮಗಳು ದಿವಾನದ ಕೆಳಗೆ ಆಟದ ಸಾಮಾನಿಗೊಂದು ಗೂಡು ಬೇಕೆಂದಿದ್ದಾಳೆ. ಬಡಗಿ ಸೋಮವಾರ ಬರುತ್ತಾನೆ.