ಹಾಕಿದ ಮೇಲೂ ‘ಡಿಸ್ಕ್ ಹಾಕಿ’ ಎನ್ನುವ ಡ್ರೈವು

ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರದ ಕಟ್ಟಡ, ಮೊದಲ ಮಾಳಿಗೆ. ನೀರಿಳಿಯುವ ಕೊಡೆಯನ್ನು ಮೆಟ್ಟಿಲ ಬುಡದಲ್ಲೇ ಬಿಟ್ಟು ಹತ್ತಿ ಬನ್ನಿ. ಎಡಕ್ಕೆ ಟೈಲರ್, ಬಲಕ್ಕೆ ಕಂಪ್ಯೂಟರ್ ರಿಪೇರಿಯ ಕೋಣೆ. ಆಟಿ ತಿಂಗಳು, ಹೊರಗೆ ಮಳೆ ಬಿಟ್ಟದ್ದೇ ಇಲ್ಲ. ಮೇಜಿನ ಮೇಲೆ, ಟ್ಯೂಬ್‌ಲೈಟಿನ ನೇರ ಕೆಳಗೆ, ದಪ್ಪ ಮೈಯ ಹಳೆ ಲ್ಯಾಪ್‌ಟಾಪ್. ಅದರ ಪಕ್ಕ ಬಿಸ್ಕತ್ತಿನ ತಗಡು ಡಬ್ಬಿ, ಡಬ್ಬಿಯ ತುಂಬ ಸಿಡಿಗಳು. ಅವುಗಳ ಒಡೆಯರಾದ ನಿವೃತ್ತ ಮಾಷ್ಟ್ರು ಸ್ಟೂಲಿನ ತುದಿಯಲ್ಲಿ ಕೂತಿದ್ದಾರೆ. ಇನ್ನೊಂದು ಸ್ಟೂಲಿನ ಮೇಲೆ ಯಾರದೋ ಪ್ರಿಂಟರ್ ಇರುವುದರಿಂದ ನೀವು ಗೋಡೆಗೊರಗಿ ನಿಂತುಕೊಳ್ಳಬೇಕು.

“ಎಂತ ಆದದ್ದು ಮಾಷ್ಟ್ರೇ?”

“ಡಿಸ್ಕು ಓದುದಿಲ್ಲ ಮಾರಾಯ. ಹಾಕಿದ ಮೇಲೂ ‘ಡಿಸ್ಕ್ ಹಾಕಿ’ ಅಂತ ಹೇಳ್ತದೆ.”

“ಎಲ್ಲ ಡಿಸ್ಕಿಗೂ ಹಾಗೆಯಾ?”

“ನನ್ನ ಹತ್ರ ಇರುದೆಲ್ಲ ಇದೇ. ತಾಳಮದ್ದಳೆಯದ್ದು.”

ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಈ ಕಡೆಯ ಮಳೆಗಾಲ ತಾಳಮದ್ದಳೆಯದ್ದು. ವೇಷವಿಲ್ಲ, ಕುಣಿತವಿಲ್ಲ, ಬರೀ ಹಾಡು ಮತ್ತು ಮಾತು. ಹಾಗಾಗಿ ಅದಕ್ಕೆ ವಿಡಿಯೊ ಬೇಡ, ಎಂಪಿತ್ರೀ ಸಾಕು. 700 ಎಂಬಿಯ ಒಂದು ಸಿಡಿ, ಹಾಡಿನ ಆಡಿಯೊ ಸಿಡಿಯಾದರೆ 80 ನಿಮಿಷ ಹಿಡಿಯುತ್ತದೆ. 128 ಕೆಬಿಪಿಎಸ್‌ನ ಎಂಪಿತ್ರೀ ಆದರೆ ಹನ್ನೆರಡು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಆ ಡಬ್ಬಿಯಲ್ಲಿ ಎಷ್ಟು ರಾತ್ರಿಗಳಿವೆ ಎಂದು ನೀವೇ ಲೆಕ್ಕ ಹಾಕಿ.

ರಿಪೇರಿಯವನು ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ. ಮೊದಲು ಪರದೆಯ ಮೇಲೆ ಡ್ರೈವಿನ ಚಿತ್ರ ಇದೆಯೇ ಎಂದು ನೋಡುತ್ತಾನೆ. ಇದೆ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿಲ್ಲ. ಅಲ್ಲಿಗೆ ಒಂದು ದಾರಿ ಮುಚ್ಚಿತು. ಡ್ರೈವೇ ಮಾಯವಾಗಿದ್ದರೆ ಕಥೆ ಬೇರೆ: ಹಿಂದೆ ಯಾವಾಗಲೋ ಹಾಕಿ ತೆಗೆದ ಸಿಡಿ ಬರೆಯುವ ಸಾಫ್ಟ್‌ವೇರ್ ವಿಂಡೋಸಿನ ರಿಜಿಸ್ಟ್ರಿಯಲ್ಲಿ ‘ಅಪ್ಪರ್ ಫಿಲ್ಟರ್ಸ್’, ‘ಲೋವರ್ ಫಿಲ್ಟರ್ಸ್’ ಎಂಬ ಎರಡು ಸಾಲು ಬಿಟ್ಟುಹೋಗಿರುತ್ತದೆ. ಅವನ್ನು ಅಳಿಸಿ ಮತ್ತೆ ಚಾಲೂ ಮಾಡಿದರೆ ಡ್ರೈವ್ ಬಂದು ಕೂರುತ್ತದೆ. ಇದು ಗೊತ್ತಿಲ್ಲದೆ ಸರಿಯಿದ್ದ ಡ್ರೈವುಗಳನ್ನು ಜನ ಬಹಳ ಬಿಸಾಡಿದ್ದಾರೆ.

ಬಟನ್ ಒತ್ತುತ್ತಾನೆ. ಟ್ರೇ ಎರಡು ಬೆರಳಿನಷ್ಟು ಜಿಗಿದು ನಿಲ್ಲುತ್ತದೆ, ಉಳಿದದ್ದನ್ನು ಕೈಯಲ್ಲೇ ಎಳೆಯಬೇಕು. ಬಗ್ಗಿ ನೋಡಿ. ದೊಡ್ಡ ಕಂಪ್ಯೂಟರಿನ ಡ್ರೈವಿನಲ್ಲಿ ಟ್ರೇ ಮಾತ್ರ ಹೊರಗೆ ಬರುತ್ತದೆ, ಲೆನ್ಸ್ ಒಳಗೇ ಉಳಿಯುತ್ತದೆ. ಲ್ಯಾಪ್‌ಟಾಪಿನಲ್ಲಿ ಮೋಟಾರು, ಲೆನ್ಸು, ಅದು ಜಾರುವ ಹಳಿ ಎಲ್ಲವೂ ಟ್ರೇಯ ಮೇಲೆಯೇ ಕೂತು ಹೊರಗೆ ಬರುತ್ತವೆ. ಪ್ರತಿ ಸಲ ತೆರೆದಾಗಲೂ ಕೋಣೆಯ ಧೂಳು, ಊದುಬತ್ತಿಯ ಹೊಗೆ, ಮಳೆಗಾಲದ ಪಸೆ ನೇರ ಕಣ್ಣಿಗೇ. ಜಾಗ ಉಳಿಸಲು ಮಾಡಿದ ಈ ಏರ್ಪಾಡೇ ಅದರ ಅರ್ಧ ಕಾಯಿಲೆಗೆ ಮೂಲ.

ಡಬ್ಬಿಯಿಂದ ಒಂದು ಸಿಡಿ ತೆಗೆದು, ಟ್ರೇಯ ಕೆಳಗೆ ಎಡಗೈ ಕೊಟ್ಟು, ನಡುವಿನ ತೂತಿನ ಎರಡು ಬದಿಗೆ ಬೆರಳಿಟ್ಟು ಒತ್ತುತ್ತಾನೆ. ಟಕ್. ಆ ಸದ್ದು ಬರಲೇಬೇಕು. ಅಲ್ಲಿರುವ ಸಣ್ಣ ಸ್ಪ್ರಿಂಗ್ ಗುಂಡುಗಳು ಡಿಸ್ಕನ್ನು ಹಿಡಿಯದಿದ್ದರೆ ಅದು ಓರೆಯಾಗಿ ತಿರುಗಿ ಕಡಕಡ ಎನ್ನುತ್ತದೆ.

“ಒಂದು ನಿಮಿಷ ಮಾತಾಡ್ಬೇಡಿ,” ಎಂದು ಕಿವಿಯನ್ನು ಲ್ಯಾಪ್‌ಟಾಪಿನ ಬದಿಗೆ ತರುತ್ತಾನೆ.

ನೀವೂ ಕೇಳಿ. ಮಳೆಯ ಸದ್ದಿನೊಳಗಿಂದ ಅದನ್ನು ಹೆಕ್ಕಬೇಕು. ಮೊದಲು ಒಂದು ‘ಜಿಕ್’: ಲೆನ್ಸ್ ಹೊತ್ತ ಗಾಡಿ ನಡುವಿಗೆ ಸರಿಯಿತು, ಸಿಡಿಯ ಬರಹ ಶುರುವಾಗುವುದು ಒಳಗಿನ ಸುತ್ತಿನಿಂದ. ಆಮೇಲೆ ತೀರ ಸಣ್ಣಗೆ ಟಿಕ್ ಟಿಕ್: ಲೆನ್ಸ್ ಮೇಲೆ ಕೆಳಗೆ ಆಡುತ್ತ ಫೋಕಸ್ ಹುಡುಕುತ್ತಿದೆ. ಆಮೇಲೆ ಮೋಟಾರಿನ ಸುಯ್ಯಲು, ಏರಿತು, ಏರಿತು, ಇಳಿಯಿತು. ಮತ್ತೆ ಜಿಕ್. ಮತ್ತೆ ಏರಿಕೆ, ಇಳಿಕೆ. ಕಡೆಗೆ ಸುಮ್ಮನಾಗುತ್ತದೆ. ಪರದೆಯ ಮೇಲೆ ಅದೇ ಹಟದ ಮಾತು: ಡಿಸ್ಕ್ ಹಾಕಿ.

“ಮೋಟ್ರು ಸರಿ ಉಂಟು,” ಎನ್ನುತ್ತಾನೆ. “ತಿರುಗ್ತದೆ. ತಿರುಗಿದ್ರೂ ಅದಕ್ಕೆ ಕಾಣುದಿಲ್ಲ.”

ಎಂದರೆ ಅನುಮಾನ ಈಗ ಎರಡೇ ಕಡೆ: ಕಣ್ಣು ಮಸುಕೋ, ಪುಸ್ತಕವೇ ಅಳಿಸಿಹೋಗಿದೆಯೋ. ಅವನು ಡಬ್ಬಿಯನ್ನು ಹತ್ತಿರ ಎಳೆಯುತ್ತಾನೆ.

ಡಿಸ್ಕು ನೋಡುವ ಕ್ರಮವೊಂದಿದೆ. ನಾವೆಲ್ಲ ತಿರುಗಿಸಿ ಹೊಳೆಯುವ ಬದಿಯ ಗೀರು ನೋಡುತ್ತೇವೆ. ಅವನು ಹೆಸರು ಬರೆದ ಬದಿಯನ್ನು ಮೊದಲು ನೋಡುತ್ತಾನೆ. ಸಿಡಿಯ ದಪ್ಪ 1.2 ಮಿಲಿಮೀಟರ್, ಅದರಲ್ಲಿ ಬಹುಪಾಲು ಪಾರದರ್ಶಕ ಪಾಲಿಕಾರ್ಬೊನೇಟ್. ಬರಹವಿರುವ ಪದರ ಮತ್ತು ಅದರ ಮೇಲಿನ ಲೋಹ ಲೇಬಲ್ಲಿನ ಕೆಳಗೆಯೇ ಇವೆ, ಕಾವಲಿಗೆ ತೆಳು ವಾರ್ನಿಷ್ ಬಿಟ್ಟರೆ ಬೇರೇನೂ ಇಲ್ಲ. ಕೆಳಗಿನಿಂದ ಬರುವ ಲೇಸರ್ ಪ್ಲಾಸ್ಟಿಕ್ಕನ್ನು ಹೊಗುವಾಗ ಸುಮಾರು 0.8 ಮಿಲಿಮೀಟರ್ ಅಗಲ, ಬರಹ ಮುಟ್ಟುವಾಗ ಎರಡು ಮೈಕ್ರಾನಿಗೂ ಕಡಿಮೆ, ಆಲಿಕೆಯ ಹಾಗೆ. ಕೆಳಮೈಯ ಸಣ್ಣ ಗೀರು, ಧೂಳು ಆಲಿಕೆಯ ಅಗಲದ ಬಾಯಲ್ಲೇ ಉಳಿಯುತ್ತವೆ, ಕಣ್ಣಿಗೆ ತಾಗುವುದಿಲ್ಲ. ಅದಕ್ಕೇ ಕೆಳಗೆ ಗೀರಿದ ಸಿಡಿಗಳು ಎಷ್ಟೋ ಸಲ ಓದಿಸಿಕೊಳ್ಳುತ್ತವೆ. ಮೇಲಿನ ಗೀರಿಗೆ ಕ್ಷಮೆಯಿಲ್ಲ. ಡಿವಿಡಿಯಾದರೆ 0.6 ಮಿಲಿಮೀಟರಿನ ಎರಡು ಬಿಲ್ಲೆಗಳ ನಡುವೆ ಬರಹ, ಅದರ ಬೆನ್ನು ಗಟ್ಟಿ.

“ಮಾಷ್ಟ್ರೇ, ಇದರ ಮೇಲೆ ಬಾಲ್‌ಪೆನ್ನಲ್ಲಿ ಬರೆದದ್ದಾ?”

“ಮತ್ತೆ? ಯಾವ ಪ್ರಸಂಗ ಅಂತ ಗೊತ್ತಾಗುದು ಬೇಡ್ವಾ?”

ಟ್ಯೂಬ್‌ಲೈಟಿಗೆ ಹಿಡಿಯುತ್ತಾನೆ. ‘ಸುಧನ್ವಾರ್ಜುನ’ ಎಂದು ಬರೆದ ಕಡೆಯಲ್ಲಿ ಸೂಜಿಮೊನೆಯಷ್ಟು ಬೆಳಕು ಅಲ್ಲಲ್ಲಿ ತೂರಿ ಬರುತ್ತದೆ. ಪೆನ್ನಿನ ಗುಂಡು ಒತ್ತಿದ ಕಡೆ ಲೋಹ ಕಿತ್ತಿದೆ. ಇನ್ನೊಂದಕ್ಕೆ ಕಾಗದದ ಚೀಟಿ ಅಂಟಿಸಿ ಎಳೆದಿದ್ದರು; ಚೀಟಿಯ ಜೊತೆ ಬೆಳ್ಳಿಯೂ ಎದ್ದು ಬಂದು ನಡುವೆ ಗಾಜಿನಂತೆ ಬರಿಯ ಪ್ಲಾಸ್ಟಿಕ್ ಉಳಿದಿದೆ.

“ಇದು?”

“ಇದು ಹೋಯ್ತು.”

“ಆ ಚೀಟಿ ಮನೆಯಲ್ಲುಂಟು. ತಂದ್ರೆ ಅಂಟಿಸ್ಲಿಕ್ಕೆ ಆಗ್ತದಾ?”

ಅವನು ನಗುವುದಿಲ್ಲ. ಇಲ್ಲ ಎಂದು ತಲೆಯಾಡಿಸಿ ಅದನ್ನು ಬೇರೆ ಇಡುತ್ತಾನೆ. ಮೂರನೆಯದರ ಅಂಚಿನಲ್ಲಿ ಬೂಷ್ಟಿನ ಬಿಳಿ. ಒರೆಸಿದರೆ ಹೋಗುತ್ತದೆ, ಅದೃಷ್ಟ. 2001ರಲ್ಲಿ ಸ್ಪೇನಿನ ವಿಜ್ಞಾನಿಗಳು, ಮಧ್ಯ ಅಮೆರಿಕದ ಬೆಲೀಜಿನಿಂದ ಬಂದ ಸಿಡಿಯೊಂದನ್ನು ಶಿಲೀಂಧ್ರ ಅಂಚಿನಿಂದಲೇ ತಿನ್ನುತ್ತ ಒಳಗೆ ಹೋದದ್ದನ್ನು ಕಂಡಿದ್ದರು. ನಮ್ಮ ಮಳೆಗಾಲಕ್ಕೂ ಆ ಊರಿನ ಸೆಕೆಗೂ ದೊಡ್ಡ ವ್ಯತ್ಯಾಸ ಇರಲಾರದು. ಒರೆಸುವಾಗ ಅವನ ಕೈ ಸುತ್ತು ಹೊಡೆಯುವುದಿಲ್ಲ, ನಡುವಿನಿಂದ ಅಂಚಿಗೆ ನೇರ ಎಳೆಯುತ್ತದೆ. ಅಡ್ಡ ಬಿದ್ದ ಗೀರು ಪ್ರತಿ ಸುತ್ತಿನಲ್ಲಿ ಸ್ವಲ್ಪವೇ ಕೆಡಿಸುತ್ತದೆ. ಸಿಡಿಯ ತಪ್ಪು ತಿದ್ದುವ ಗಣಿತ ಒಂದೇ ಸಾಲಿನಲ್ಲಿ ಸುಮಾರು 2.5 ಮಿಲಿಮೀಟರ್ ಬರಹ ಕಾಣೆಯಾದರೂ ಪೂರ್ತಿ ತುಂಬಿಕೊಡುತ್ತದೆ. ಸುತ್ತಿನ ಜೊತೆಗೇ ಓಡುವ ಗೀರಾದರೆ ಅದರ ಕೈಮೀರಿದ್ದು.

ಈಗ ಅವನ ಖಾನೆಯಿಂದ ಒಂದು ಸಿನಿಮಾ ಡಿವಿಡಿ ಹೊರಬರುತ್ತದೆ, ಮೋಸರ್ ಬೇರ್‌ನದ್ದು. ಒಂದು ಕಾಲಕ್ಕೆ ಸಿನಿಮಾವನ್ನು 34 ರೂಪಾಯಿಗೆ ಮಾರಿ ನಕಲಿಯವರ ನಿದ್ದೆ ಕೆಡಿಸಿದ ಕಂಪನಿ, ಈಗಿಲ್ಲ. ಟಕ್. ಜಿಕ್. ಸುಯ್ಯಲು ಏರಿತು, ಈ ಸಲ ಇಳಿಯಲಿಲ್ಲ. ಪರದೆಯ ಮೇಲೆ ಡಿಸ್ಕಿನ ಹೆಸರು ಬಂತು. ವಿಎಲ್‌ಸಿಯಲ್ಲಿ ತೆರೆದರೆ ಹಾಡು, ಕುಣಿತ. (ವಿಂಡೋಸ್ 8ರಿಂದ ಈಚೆಗೆ ಮೈಕ್ರೋಸಾಫ್ಟ್ ಸಿನಿಮಾ ಡಿವಿಡಿ ಆಡಿಸುವ ವ್ಯವಸ್ಥೆಯನ್ನು ಮಾಮೂಲಿಯಾಗಿ ಕೊಡುವುದನ್ನು ಬಿಟ್ಟಿದೆ. ಡ್ರೈವ್ ಕೆಟ್ಟಿದೆ ಎಂದುಕೊಂಡು ಬರುವವರಲ್ಲಿ ಕೆಲವರಿಗೆ ಬೇಕಾದದ್ದು ಇದೊಂದು ಪುಕ್ಕಟೆ ಪ್ಲೇಯರ್.)

“ಓದ್ತದಲ್ಲ!” ಮಾಷ್ಟ್ರು ಎದ್ದೇ ನಿಂತರು.

“ಡಿವಿಡಿ ಓದ್ತದೆ. ಅದೇ ವಿಷಯ. ಕೂತ್ಕೊಳ್ಳಿ.”

ಮುಂದೆ ಕಾರ್ಖಾನೆಯಲ್ಲಿ ಅಚ್ಚಾದ ಭಾವಗೀತೆಯ ಸಿಡಿ. ಏರಿಕೆ, ಇಳಿಕೆ, ಏರಿಕೆ. ತಡವರಿಸಿ, ತಡವರಿಸಿ, ಕಡೆಗೆ ಹಾಡಿನ ಪಟ್ಟಿ ಬಂತು. ಮಾಷ್ಟ್ರ ಸಿಡಿ ಮತ್ತೆ ಹಾಕಿದರೆ ಏನೂ ಇಲ್ಲ. ಈ ಮೂರನ್ನು ಸಾಲಾಗಿ ಇಟ್ಟರೆ ಕಾಯಿಲೆ ತಾನೇ ಬಾಯಿಬಿಡುತ್ತದೆ. ಆ ಲೆನ್ಸಿನ ಕೆಳಗೆ ಲೇಸರ್ ಒಂದಲ್ಲ, ಎರಡು. ಡಿವಿಡಿಗೆ 650 ನ್ಯಾನೊಮೀಟರಿನ ಕೆಂಪು, ಸಿಡಿಗೆ 780 ನ್ಯಾನೊಮೀಟರಿನದ್ದು, ಕೆಂಪಿಗೂ ಆಚೆ, ಹೆಚ್ಚುಕಡಿಮೆ ಕಣ್ಣಿಗೆ ಕಾಣದ್ದು. ಒಂದು ಮುಪ್ಪಾದರೂ ಇನ್ನೊಂದು ಗಟ್ಟಿ ಇರಬಹುದು. ಅಚ್ಚಾದ ಸಿಡಿಯಲ್ಲಿ ಗುಂಡಿ ತೋಡಿದ ಬರಹ, ಅಲ್ಯೂಮಿನಿಯಂ ಹೊಳಪು. ಸೋತ ಲೇಸರಿಗೂ ದಕ್ಕುತ್ತದೆ. ಮನೆಯಲ್ಲಿ ಬರೆದ ಸಿಡಿಯದ್ದು ಬಣ್ಣದ ಪದರವನ್ನು ಲೇಸರಿನಿಂದ ಸುಟ್ಟ ಗುರುತು. ಬಣ್ಣ ವರ್ಷ ಕಳೆದಂತೆ ಮಾಸುತ್ತದೆ. ಮೇಲಾಗಿ ಆ ಬಣ್ಣವನ್ನು 780ಕ್ಕೆಂದೇ ಮಾಡಿದ್ದು. ಡಿವಿಡಿಯ ಕೆಂಪು ಬೆಳಕು ಅದರಿಂದ ಸರಿಯಾಗಿ ಮರಳಿ ಬರುವುದಿಲ್ಲ, ಆದ್ದರಿಂದ ಗಟ್ಟಿ ಲೇಸರ್ ಈ ಸೋತದ್ದಕ್ಕೆ ಹೆಗಲು ಕೊಡಲಾರದು.

ಆದರೂ ಲೆನ್ಸ್ ಒರೆಸದೆ ತೀರ್ಪು ಕೊಡುವುದು ಸರಿಯಲ್ಲ. ಲ್ಯಾಪ್‌ಟಾಪ್ ಆರಿಸಿ, ಡ್ರೈವಿನ ಮೂತಿಯ ಸೂಜಿತೂತಿಗೆ ಬಿಡಿಸಿದ ಪೇಪರ್ ಕ್ಲಿಪ್ ತೂರಿಸಿ ಟ್ರೇ ಎಳೆಯುತ್ತಾನೆ. ಕಿವಿಯ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್, ತೊಟ್ಟಿಕ್ಕದಷ್ಟು. ನೀಲಿ ಛಾಯೆಯ ಆ ಲೆನ್ಸ್ ಅವರೆಕಾಳಿಗಿಂತಲೂ ಸಣ್ಣದು, ಕೂದಲೆಳೆಯಂಥ ತಂತಿಗಳ ಮೇಲೆ ತೇಲುತ್ತಿದೆ. ಹತ್ತಿ ತಾಗಿದ್ದೇ ಕುಸಿದು ಮತ್ತೆ ಏಳುತ್ತದೆ. ಒತ್ತಿದರೆ ತಂತಿ ಬಾಗಿ ಡ್ರೈವೇ ಮುಗಿಯಿತು. ಅವನು ಉಸಿರು ಬಿಗಿಹಿಡಿದು ಒಂದು ಸುತ್ತು ಎಳೆಯುತ್ತಾನೆ, ಒಣ ತುದಿಯಿಂದ ಇನ್ನೊಂದು. ಹತ್ತಿಯ ಮೇಲೆ ಬೂದು ಕಲೆ. ಆರಲು ಬಿಟ್ಟು, ಚಾಲೂ ಮಾಡಿ, ಭಾವಗೀತೆ ಹಾಕಿದರೆ ಒಂದೇ ಏರಿಕೆಗೆ ಓದಿತು. ಮಾಷ್ಟ್ರದ್ದು? ಏರಿತು, ಇಳಿಯಿತು, ‘ಡಿಸ್ಕ್ ಹಾಕಿ’.

“ಒಳಗೆ ಒಂದು ಸಣ್ಣ ತಿರುಪು ಉಂಟು, ಲೇಸರಿಗೆ ಕರೆಂಟ್ ಜಾಸ್ತಿ ಮಾಡ್ಲಿಕ್ಕೆ,” ಎನ್ನುತ್ತಾನೆ. “ತಿರುಗಿಸಿದ್ರೆ ಸ್ವಲ್ಪ ದಿನ ಓದ್ತದೆ. ಮತ್ತೆ ಸುಟ್ಟೇ ಹೋಗ್ತದೆ. ನಾನು ಮಾಡುದಿಲ್ಲ.” ಆ ಕೊನೆಯ ಮಾತಿಗಾಗಿಯೇ ನಾನು ಇಂಥ ಅಂಗಡಿಗಳನ್ನು ನಂಬುತ್ತೇನೆ.

ಹೊರಗಿನ ಯುಎಸ್‌ಬಿ ಡ್ರೈವೊಂದನ್ನು ಜೋಡಿಸುತ್ತಾನೆ. ಅದರ ವಯರಿಗೆ ಎರಡು ತಲೆ, ಎರಡನ್ನೂ ಚುಚ್ಚಬೇಕು. ಹಳೆಯ ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿಆಂಪ್ಸ್ ಮಾತ್ರ, ಮೋಟಾರ್ ಏಳುವ ಕ್ಷಣಕ್ಕೆ ಅದು ಸಾಲದೆ ಇಲ್ಲೂ ಅದೇ ಏರಿಕೆ ಇಳಿಕೆ ಕೇಳಿಸುತ್ತದೆ. ಜನ ಆಗ ಹೊಸ ಡ್ರೈವನ್ನೂ ಬಯ್ಯುತ್ತಾರೆ. ಎರಡು ತಲೆ ಚುಚ್ಚಿ ‘ವಾಲಿಮೋಕ್ಷ’ ಹಾಕಿದ. ಜಿಕ್. ಸುಯ್ಯಲು ಏರಿ ನಿಂತಿತು. ಪರದೆಯ ಮೇಲೆ ಫೈಲುಗಳ ಸಾಲು.

ಮಾಷ್ಟ್ರು ಮಾತಾಡಲಿಲ್ಲ. ಕನ್ನಡಕ ಒರೆಸಿಕೊಂಡರು, ಅಷ್ಟೇ.

ಉಳಿದದ್ದು ಮೈಕೆಲಸ. ಲ್ಯಾಪ್‌ಟಾಪ್ ಮಗುಚಿ, ಬ್ಯಾಟರಿ ತೆಗೆದು, ಕೆಳಗಿನ ಒಂದೇ ಸ್ಕ್ರೂ ಬಿಚ್ಚಿ ಡ್ರೈವನ್ನು ಖಾನೆಯಂತೆ ಎಳೆಯುತ್ತಾನೆ. ಗುಜರಿಯಿಂದ ಬಂದ ಡ್ರೈವುಗಳಲ್ಲಿ ಹೊಂದುವುದನ್ನು ಹುಡುಕಬೇಕು: ದಪ್ಪ 12.7 ಮಿಲಿಮೀಟರೋ 9.5ರದ್ದೋ, ಹಿಂದಿನ ಕನೆಕ್ಟರ್ ಸಾಟಾವೋ ಅದಕ್ಕಿಂತ ಹಳೆಯದೋ. ಸಿಕ್ಕಿತು. ಹಳೆಯದರ ಮೂತಿಯ ಪ್ಲಾಸ್ಟಿಕ್ ಕಳಚಿ ಇದಕ್ಕೆ ಕೂರಿಸಿದ, ಒಳಗೆ ತಳ್ಳಿದ.

ಈಗ ಪೆನ್‌ಡ್ರೈವಿನಿಂದ ಲಿನಕ್ಸ್ ಚಾಲೂ ಮಾಡುತ್ತಾನೆ. ವಿಂಡೋಸಿನಲ್ಲಿ ನಕಲಿಸಿದರೆ ಒಂದು ಕಡೆ ತಪ್ಪು ಸಿಕ್ಕಿದ ಕೂಡಲೇ ಇಡೀ ಫೈಲನ್ನು ಕೈಬಿಡುತ್ತದೆ. ಡಿಡಿ-ರೆಸ್ಕ್ಯೂ ಎಂಬ ಪುಕ್ಕಟೆ ಸಾಧನ ಹಾಗಲ್ಲ. ಓದಲು ಬರುವುದನ್ನೆಲ್ಲ ಮೊದಲು ಬಾಚಿಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ತಾಳ್ಮೆಯಿಂದ ಮರಳುತ್ತದೆ. ಪರದೆಯ ಮೇಲೆ ಅಂಕಿಗಳು ಓಡುತ್ತವೆ. ಒಳಸುತ್ತುಗಳು ಸರಾಗ. ಅಂಚು ಹತ್ತಿರವಾದಂತೆ, ಬೆರಳು ತಾಗುವ, ಪಸೆ ನುಗ್ಗುವ ಕಡೆ, ಮೋಟಾರ್ ವೇಗ ಇಳಿಸುತ್ತದೆ, ನಿಲ್ಲುತ್ತದೆ, ಮತ್ತೆ ತಡಕುತ್ತದೆ. ಕೆಲವು ತುಣುಕು ಬರಲೇ ಇಲ್ಲ. ಒಂದೊಂದು ತುಣುಕು 2048 ಬೈಟ್. ಆ ಎಂಪಿತ್ರೀ ಲೆಕ್ಕದಲ್ಲಿ ಒಂದು ಸೆಕೆಂಡಿನ ಎಂಟನೇ ಒಂದು ಪಾಲು ಮಾತು.

ಒಂದು ಫೈಲ್ ಒತ್ತಿದ. ಮದ್ದಳೆ, ಚಕ್ರತಾಳ, ಆಮೇಲೆ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ದನಿ. ಟೈಲರನ ಮಿಷನ್ ನಿಂತಿತು. ಬಾಗಿಲಲ್ಲಿ ಅವನೂ ಬಂದು ನಿಂತಿದ್ದಾನೆ. ಒಂದು ಕಡೆ ದನಿ ಚಕ್ಕನೆ ಹಾರಿತು. ಯಾರೂ ಅದನ್ನು ಎತ್ತಿ ಆಡಲಿಲ್ಲ.

“ಉಳಿದದ್ದು ನಾಳೆ ಕೊಡ್ತೇನೆ, ಎರಡು ಪೆನ್‌ಡ್ರೈವಲ್ಲಿ. ಒಂದು ಮಗನ ಹತ್ರ ಇರ್ಲಿ. ಮತ್ತೆ ಡಿಸ್ಕಿಗೆ ಪೆನ್ನು ಮುಟ್ಟಿಸ್ಬೇಡಿ ಮಾಷ್ಟ್ರೇ, ಬರಿಯುದಾದ್ರೆ ಮಾರ್ಕರ್.”

“ಆಯ್ತು, ಆಯ್ತು. ಎಷ್ಟಾಯ್ತು?”

“ನಾಳೆ ಹೇಳ್ತೇನೆ. ಈ ಹಳೆ ಡ್ರೈವು ನಿಮ್ದೇ, ತಕ್ಕೊಂಡು ಹೋಗಿ. ಸಿನಿಮಾ ಡಿವಿಡಿ ಇನ್ನೂ ಓದ್ತದೆ.”

“ಸಿನಿಮಾ ಯಾರಿಗೆ ಬೇಕು ಮಾರಾಯ,” ಎಂದರು ಮಾಷ್ಟ್ರು, ಡಬ್ಬಿಯ ಮುಚ್ಚಳ ಹುಡುಕುತ್ತ. “ನೀನೇ ಇಟ್ಕೋ.”