ಹೆಸರಿನ ಋಣ

ಇಂದಿನ ಯುವಜನರು ಸಿನಿಮಾ ತಾರೆಯರ ಬೆನ್ನುಹತ್ತಿ ಹಾದಿ ತಪ್ಪುತ್ತಿದ್ದಾರೆಂಬ ಮಾತನ್ನು ನಾವು ಹಿರಿಯರು ಆಗಾಗ ಆಡುತ್ತಿರುತ್ತೇವೆ. ನಾನೂ ಆಡಿದವನೇ. ಆದುದರಿಂದ, ಪದವಿ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಕಳೆದ ರಜೆಯಲ್ಲಿ ಮನೆಗೆ ಬಂದಾಗ ತನ್ನ ಕೋಣೆಯ ಗೋಡೆಗೆ ಹಾಲಿವುಡ್ ನಟಿ ಆಡ್ರೆ ಹೆಪ್‌ಬರ್ನ್ ಅವರ ಕಪ್ಪು-ಬಿಳುಪು ಚಿತ್ರವನ್ನು ಅಂಟಿಸಿದ್ದನ್ನು ಕಂಡು ನನಗೆ ಅಸಮಾಧಾನವೇ ಆಯಿತು.

"ನೀನು ಹುಟ್ಟುವ ಮೊದಲೇ, 1993ರಲ್ಲಿ ತೀರಿಹೋದ ನಟಿ. ಈ ಮೋಹ ನಿನಗೇಕೆ, ಮಗು?" ಎಂದು ಕೇಳಿದೆ. ಆಕೆ ವಾದಕ್ಕಿಳಿಯಲಿಲ್ಲ. "ಅಜ್ಜ, ರಾತ್ರಿ ನನ್ನ ಜೊತೆ ಕೂತು ಒಂದು ಸಿನಿಮಾ ನೋಡಿ. ಆಮೇಲೆ ಬೇಕಾದರೆ ಬೈಯಿರಿ" ಎಂದಳು.

ಅದು 1953ರಲ್ಲಿ ತೆರೆಕಂಡ 'ರೋಮನ್ ಹಾಲಿಡೇ'. ನಿರ್ದೇಶಕರು ವಿಲಿಯಂ ವೈಲರ್. ಕಾಲೇಜಿನ ದಿನಗಳಲ್ಲಿ ಬೆಂಗಳೂರಿನ ಚಿತ್ರಮಂದಿರವೊಂದರಲ್ಲಿ ನಾನದನ್ನು ನೋಡಿದ್ದೆ. ನೆನಪಿನಲ್ಲಿ ಉಳಿದಿದ್ದುದು ಎರಡು ಸುಂದರ ಮುಖಗಳು, ರೋಮ್ ನಗರದ ಬೀದಿಗಳಲ್ಲಿ ಓಡುವ ಒಂದು ಸ್ಕೂಟರು, ಅಷ್ಟೇ.

ಕರ್ತವ್ಯದ ಭಾರದಿಂದ ಬಸವಳಿದ ರಾಜಕುಮಾರಿಯೊಬ್ಬಳು ರಾತ್ರಿ ಗುಟ್ಟಾಗಿ ಹೊರಬೀಳುತ್ತಾಳೆ. ಗ್ರೆಗರಿ ಪೆಕ್ ಅಭಿನಯಿಸಿದ ಪತ್ರಕರ್ತನು ಆಕೆಯ ಗುರುತು ಹಿಡಿದೂ ಅರಿಯದವನಂತೆ ನಟಿಸಿ, ಊರು ಸುತ್ತಿಸುತ್ತಾನೆ; ಅವನಿಗೆ ಬೇಕಾದುದು ಹಣ ತರುವ ವರದಿ. ಸುಳ್ಳುಗಾರರ ಕೈಯನ್ನು ಕಚ್ಚುವುದೆಂದು ನಂಬಲಾದ ಶಿಲಾಮುಖದ ಮುಂದೆ ಇಬ್ಬರೂ ನಿಲ್ಲುವ ದೃಶ್ಯವೊಂದಿದೆ. ಅದರ ಬಾಯೊಳಗೆ ಕೈಯಿಡಲು ಆಕೆ ಅಂಜುತ್ತಾಳೆ, ಅವನಿಗೂ ಅಳುಕು. ಕೊನೆಗೆ ರಾಜಕುಮಾರಿ ತನ್ನ ಕರ್ತವ್ಯಕ್ಕೆ ಮರಳುತ್ತಾಳೆ. ಪತ್ರಕರ್ತ ವರದಿಯನ್ನು ಬರೆಯುವುದಿಲ್ಲ. ಕದ್ದು ತೆಗೆದ ಛಾಯಾಚಿತ್ರಗಳು ಆಕೆಯ ಕೈಸೇರುತ್ತವೆ. ಯೌವನದಲ್ಲಿ ಪ್ರೇಮಕಥೆಯೆಂದು ತಿಳಿದಿದ್ದ ನಾನು, ಅದೊಂದು ತ್ಯಾಗದ ಕಥೆಯೆಂಬುದನ್ನು ಅಂದು ಕಂಡೆ.

ಮೊಮ್ಮಗಳು ಅಷ್ಟಕ್ಕೇ ಬಿಡಲಿಲ್ಲ. ಪೆಕ್ ಆಗಲೇ ಹೆಸರಾಂತ ನಟರು. ಹೆಪ್‌ಬರ್ನ್ ಹಾಲಿವುಡ್ಡಿಗೆ ಹೊಸಬರು. ಒಪ್ಪಂದದಂತೆ ಶೀರ್ಷಿಕೆಯ ಮೇಲೆ ಪೆಕ್ ಅವರೊಬ್ಬರ ಹೆಸರೇ ಬರಬೇಕಿತ್ತು. ಆದರೆ ಆಕೆಯ ಅಭಿನಯವನ್ನು ಕಂಡ ಅವರೇ, ಆಕೆಯ ಹೆಸರನ್ನೂ ತಮ್ಮ ಹೆಸರಿಗೆ ಸಮನಾಗಿ ಹಾಕಬೇಕೆಂದು ಕೇಳಿದರಂತೆ. ಆ ಪಾತ್ರಕ್ಕಾಗಿ ಆಕೆಗೆ ಶ್ರೇಷ್ಠ ನಟಿಯೆಂಬ ಆಸ್ಕರ್ ಪ್ರಶಸ್ತಿಯೂ ಬಂತು.

"ಒಬ್ಬರಿಗೆ ಹೆಸರು ಸಿಕ್ಕಿತು, ಇನ್ನೊಬ್ಬರಿಗೆ ಸಿಗಲಿಲ್ಲ, ಅಜ್ಜ" ಎಂದು ಆಕೆ ಮುಂದುವರಿಸಿದಳು. ಕಥೆ ಬರೆದವರು ಡಾಲ್ಟನ್ ಟ್ರಂಬೊ. 1947ರಲ್ಲಿ ಅಮೆರಿಕದ ಸಂಸದೀಯ ಸಮಿತಿಯೊಂದು ಚಿತ್ರರಂಗದವರ ರಾಜಕೀಯ ನಂಬಿಕೆಗಳನ್ನು ವಿಚಾರಣೆಗೆ ಒಳಪಡಿಸಿದಾಗ ಉತ್ತರಿಸಲು ನಿರಾಕರಿಸಿದ ಹತ್ತು ಮಂದಿಯಲ್ಲಿ ಅವರೊಬ್ಬರು. ಸೆರೆವಾಸವಾಯಿತು, ಚಿತ್ರಸಂಸ್ಥೆಗಳು ಬಹಿಷ್ಕರಿಸಿದವು. ಹೀಗಾಗಿ ಮಿತ್ರ ಇಯಾನ್ ಮೆಕ್ಲೆಲನ್ ಹಂಟರ್ ಅವರ ಹೆಸರಿನಲ್ಲಿ ಕಥೆ ಹೊರಬಂತು. ಕಥೆಗಾಗಿ ಬಂದ ಆಸ್ಕರ್ ಕೂಡ ಹಂಟರ್ ಹೆಸರಿಗೇ ಹೋಯಿತು. ಟ್ರಂಬೊ 1976ರಲ್ಲಿ ತೀರಿಕೊಂಡರು. ಅಕಾಡೆಮಿಯು ಆ ಪ್ರಶಸ್ತಿಯನ್ನು ಅವರ ಪತ್ನಿಗೆ ಒಪ್ಪಿಸಿದ್ದು 1993ರಲ್ಲಿ. ಚಿತ್ರಕಥೆಯ ಗೌರವವನ್ನು ಬರಹಗಾರರ ಸಂಘವು ಅವರ ಹೆಸರಿಗೆ ಮರಳಿಸಿದ್ದು 2011ರಲ್ಲಿ, ಚಿತ್ರ ತೆರೆಕಂಡ 58 ವರ್ಷಗಳ ಬಳಿಕ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅದಕ್ಕೆ ಕಾರಣವನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

1991ರಲ್ಲಿ, ನಾನು ಮುಖ್ಯೋಪಾಧ್ಯಾಯನಾಗಿದ್ದ ಶಾಲೆಯ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗಾಗಿ ಶಾಲೆಯ ಇತಿಹಾಸವನ್ನು ಬರೆದವರು ಒಬ್ಬ ಕಿರಿಯ ಸಹೋದ್ಯೋಗಿ. ಹಳ್ಳಿಹಳ್ಳಿಗೆ ಸೈಕಲ್ಲಿನಲ್ಲಿ ಹೋಗಿ, ಹಳಬರನ್ನು ಕಂಡು ಮಾತನಾಡಿಸಿ ಬರೆದ ಲೇಖನವದು. ಕರಡಚ್ಚು ಬಂದಾಗ ಅದರ ಕೆಳಗೆ ನನ್ನ ಹೆಸರಿತ್ತು. ಮುಖ್ಯೋಪಾಧ್ಯಾಯರ ಹೆಸರಿದ್ದರೆ ಲೇಖನಕ್ಕೆ ತೂಕ ಬರುವುದೆಂದು ಸಮಿತಿಯವರು ಹೇಳಿದರು. ನಾನು ತಿದ್ದಲಿಲ್ಲ. ಆ ತರುಣನೂ ಏನೂ ಅನ್ನಲಿಲ್ಲ. ಹಂಟರ್ ತಮ್ಮ ಹೆಸರನ್ನು ಕೊಟ್ಟು ಮಿತ್ರನಿಗೆ ನೆರವಾದರು. ನಾನು ನನ್ನ ಹೆಸರನ್ನು ಹಾಕಿಸಿಕೊಂಡು ಇನ್ನೊಬ್ಬರ ಶ್ರಮವನ್ನು ಪಡೆದೆ. ಕೊಡದುದನ್ನು ತೆಗೆದುಕೊಳ್ಳಬಾರದೆಂದು ಮಕ್ಕಳಿಗೆ ಪಾಠ ಹೇಳಿದವನು ನಾನೇ.

ಈಗ ವಜ್ರಮಹೋತ್ಸವದ ನಿಮಿತ್ತ ಆ ಲೇಖನವನ್ನು ಮರುಮುದ್ರಿಸಲು ನನ್ನ ಒಪ್ಪಿಗೆ ಕೇಳಿದ್ದರು. ಮರುದಿನವೇ ನಿಜವಾದ ಲೇಖಕರ ಹೆಸರನ್ನು ಬರೆದು ಕಳುಹಿಸಿದೆ. ಬಳಿಕ ಅವರಿಗೆ ದೂರವಾಣಿ ಮಾಡಿ ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಸಂತೋಷ ಸಾರ್. ಅಮ್ಮ ಇದ್ದಿದ್ದರೆ ತೋರಿಸುತ್ತಿದ್ದೆ" ಎಂದರು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ತಡವಾಗಿ ತೀರಿಸಿದ ಋಣದಲ್ಲಿ ಎಂದೂ ತೀರದ ಪಾಲೊಂದು ಉಳಿದೇ ಉಳಿಯುತ್ತದೆ.

ನನ್ನ ಯೌವನದಲ್ಲಿ ನಾನು ತಾರೆಯರ ಮುಖವನ್ನಷ್ಟೇ ನೋಡಿದ್ದೆ. ನನ್ನ ಮೊಮ್ಮಗಳು ಅವರ ನಡತೆಯನ್ನೂ, ಅವರ ಬೆಳಕಿನ ಹಿಂದೆ ಮರೆಯಾದವರನ್ನೂ ಹುಡುಕಿ ನೋಡಿದ್ದಾಳೆ. ಆ ಚಿತ್ರ ಇನ್ನೂ ಗೋಡೆಯ ಮೇಲಿದೆ. ಅದನ್ನು ತೆಗೆಯೆಂದು ನಾನು ಮತ್ತೆ ಹೇಳಿಲ್ಲ.